ಉದ್ದ ಕಡ್ಡಿ

“ಇನ್ನೊಮ್ಮೆ ಮುಟ್ಟಿಸಿ ನೋಡಿ, ಪೊರ್ಬುಗಳೇ,” ಎಂದ ಲೇತಿನ ಮಧ್ವರಾಜ. ಬೆಳಗ್ಗಿನಿಂದ ಅವನು ಹೀಗೆ ಕೇಳುತ್ತಿರುವುದು ಇದು ಮೂರನೆಯ ಸಲ.

ಕರಾವಳಿಯವರು ಕ್ರೈಸ್ತರನ್ನು ಮರ್ಯಾದೆಯಿಂದ ಪೊರ್ಬುಗಳು ಎನ್ನುತ್ತಾರೆ. ಸ್ಟ್ಯಾನಿಸ್ಲಾಸ್ ಬೇಡವೆನ್ನಲಿಲ್ಲ. ಮಣಿಪಾಲದ ಆ ಕಾರ್ಖಾನೆಯಿಂದ ಒಂದು ಬಿಡಿಭಾಗ ಹೊರಗೆ ಹೋಗಬೇಕಾದರೆ ಅವನ ಸಹಿ ಬೇಕು. ಆ ಸಹಿಗೆ ಬೆಲೆ ಬಂದದ್ದೇ, ಯಾರು ಎಷ್ಟು ಸಲ ಕೇಳಿದರೂ ಮುಖ ಗಂಟಿಕ್ಕದೆ ಮತ್ತೆ ಅಳೆದು ತೋರಿಸುವ ಅವನ ಗುಣದಿಂದ. ಎರಡೂ ಕಡೆ ಬಾಯಿ ತೆರೆದ, ಲೋಟದಷ್ಟು ದೊಡ್ಡದಾದ ಆ ಉಕ್ಕಿನ ಸ್ಲೀವನ್ನು ಬಟ್ಟೆಯಿಂದ ಒರೆಸಿ, ಕರಿಕಲ್ಲಿನ ಮೇಜಿನ ಮೇಲೆ ಮೊದಲಿದ್ದ ಹಾಗೆಯೇ ಇಟ್ಟ. ಅಂಚಿನಲ್ಲಿ ಗೀರಿದ ನಂಬರು ತನ್ನ ಕಡೆಗೇ ಮುಖ ಮಾಡಿರಬೇಕು. ಅದು ಅವನದೇ ಕಟ್ಟುನಿಟ್ಟು. ಒಂದೊಂದನ್ನು ಒಂದೊಂದು ದಿಕ್ಕಿಗೆ ಇಟ್ಟು ಅಳೆಯುವವನ ಅಳತೆಯನ್ನು ನಂಬಬೇಡಿ ಎಂದು ಅವನು ಕಂಡವರಿಗೆಲ್ಲ ಹೇಳುತ್ತಿದ್ದ.

ಅಳತೆಯ ಯಂತ್ರದ ಉದ್ದ ಕಡ್ಡಿ ಸ್ಲೀವಿನೊಳಕ್ಕೆ ಇಳಿಯಿತು. ಅದರ ತುದಿಯಲ್ಲಿದ್ದ ಕೆಂಪು ಹರಳಿನ ಗುಂಡು ಒಳಗೋಡೆಯನ್ನು ಮುಟ್ಟಿತು. ಯಂತ್ರ ‘ಕೀ’ ಎಂದಿತು. ಸ್ವಲ್ಪ ಸರಿಸಿ ಮತ್ತೆ ಮುಟ್ಟಿಸಿದ. ಕೀ. ಗಡಿಯಾರದ ಹನ್ನೆರಡು ಗಂಟೆಗಳ ಜಾಗದಲ್ಲಿ ಹನ್ನೆರಡು ಸಲ. ಪ್ರಿಂಟರು ಕರಕರ ಎನ್ನುತ್ತ ಕಾಗದ ಉಗುಳಿತು. ಸ್ಟ್ಯಾನಿಸ್ಲಾಸ್ ಅಂಕಿ ನೋಡಿ ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು ಪೆನ್ಸಿಲಿನಿಂದ ಕೂಡಿಸಿದ. ದುಂಡಗೆ ಬರಬೇಕಾದ ಗೆರೆ ಮೂರು ಕಡೆ ಹೊರಕ್ಕೆ ಉಬ್ಬಿ, ಮೂರು ಕಡೆ ಒಳಕ್ಕೆ ಕುಗ್ಗಿತ್ತು.

“ಹದಿನಾಲ್ಕು ಮೈಕ್ರಾನ್,” ಎಂದ. “ಪುಣೆಯವರು ಎಂಟರ ಮೇಲೆ ತಕ್ಕೊಳ್ಳುವುದಿಲ್ಲ.”

ಎಂಟು ಮೈಕ್ರಾನ್ ಎಂದರೆ ತಲೆಗೂದಲೊಂದನ್ನು ಎಂಟು ಸೀಳಾಗಿ ಸೀಳಿದರೆ ಒಂದು ಸೀಳಿನ ದಪ್ಪ. ಅಷ್ಟರ ಹೆಚ್ಚುಕಮ್ಮಿಯ ಮೇಲೆ ಒಬ್ಬನ ಕೆಲಸ ನಿಂತಿತ್ತು.

“ಲೇತಿನ ಚಕ್ಕನ್ನು ನಾನು ಬಿಗಿಯುವುದು ಎಷ್ಟು ಹಗುರ ಅಂತ ನಿಮಗೆ ಗೊತ್ತುಂಟು. ನೀವೇ ಎದುರು ನಿಂತು ನೋಡಿದ್ದೀರಿ.”

“ನೋಡಿದ್ದೇನೆ ಮಾರಾಯ. ಆದರೆ ಇದು ನೋಡು.” ಸ್ಟ್ಯಾನಿಸ್ಲಾಸ್ ಪೆನ್ಸಿಲಿನ ಹಿಂಬದಿಯಿಂದ ಮೊದಲನೆಯ ಉಬ್ಬನ್ನು ತೋರಿಸಿದ. ಅದು ಸರಿಯಾಗಿ ನಂಬರಿನ ಕೆಳಗೆ ಇತ್ತು. “ನಂಬರು ಗೀರುವುದು ಎಲ್ಲಿ ನೀನು?”

“ಚಕ್ಕಿನ ಒಂದನೇ ಹಲ್ಲು ಕಚ್ಚುವ ಜಾಗದಲ್ಲಿ,” ಎಂದ ಮಧ್ವರಾಜ.

ಹಾಗೆ ಗೀರಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾಳೆ ಏನಾದರೂ ತಪ್ಪು ಬಂದರೆ ಯಾವ ಹಲ್ಲಿನದ್ದೆಂದು ಹುಡುಕಲು ಸುಲಭವಾಗಲಿ ಎಂದು ಅವನೇ ಮಾಡಿಕೊಂಡ ಪದ್ಧತಿ ಅದು. ಲೇತಿನ ಮೇಲೆ ಕೆಲಸ ಮಾಡಿದ ಯಾರನ್ನು ಕೇಳಿದರೂ ಉಳಿದದ್ದನ್ನು ಹೇಳಿಯಾರು: ತೆಳ್ಳಗಿನ ಕೊಳವೆಯನ್ನು ಮೂರು ಹಲ್ಲಿನ ಚಕ್ಕಿನಲ್ಲಿ ಗಟ್ಟಿಯಾಗಿ ಬಿಗಿದರೆ ಅದು ಹಿಸುಕಿಕೊಳ್ಳುತ್ತದೆ, ಹಿಸುಕಿದಾಗ ದುಂಡಗೆ ಕೊರೆದ ತೂತು ಬಿಟ್ಟ ಕೂಡಲೇ ಹಲ್ಲು ಕಚ್ಚಿದ ಮೂರು ಕಡೆ ಹೊರಕ್ಕೆ ಬರುತ್ತದೆ. ಇದನ್ನು ಲೇತಿನವರು ಕಲಿಯುವುದು ಮೊದಲ ವರ್ಷದಲ್ಲಿ. ಮಧ್ವರಾಜ ಲೇತು ಹಿಡಿದು ಹದಿನೇಳು ವರ್ಷವಾಗಿತ್ತು.

ಆ ಉದ್ದ ಕಡ್ಡಿ ಬಂದದ್ದು ಅದೇ ವರ್ಷ, ಎಂಬತ್ತೇಳರ ಮಳೆಗಾಲಕ್ಕೆ ಸ್ವಲ್ಪ ಮುಂಚೆ. ಅದಕ್ಕೆ ಮೊದಲು ಸ್ಟ್ಯಾನಿಸ್ಲಾಸ್ ಅಳೆಯುತ್ತಿದ್ದದ್ದು ಯಂತ್ರದ ಜೊತೆಗೇ ಬಂದ ಗಟ್ಟಿ ಗುಂಡಿನಿಂದ. ಅದನ್ನು ಕೈಯಿಂದ ಒತ್ತಿ ಹಿಡಿದು ಅಂಕಿ ಓದಬೇಕು. ಒತ್ತುವ ಕೈ ಒಂದು ಚೂರು ಭಾರವಾದರೂ ಅಳತೆ ಕೆಡುತ್ತದೆ. ಪುಣೆಯ ಪಂಪು ಕಂಪೆನಿ ಸ್ಲೀವಿನ ಕೆಲಸ ಕೊಡುವಾಗ, ಮುಟ್ಟಿದ ಕ್ಷಣಕ್ಕೆ ತಾನೇ ಅಂಕಿ ಹಿಡಿಯುವ ಹೊಸ ಪ್ರೋಬ್ ಇದ್ದರೆ ಮಾತ್ರ ಎಂದಿತು. ಮಾಲಿಕ ಯಜ್ಞನಾರಾಯಣ ರಾಯರು ಸ್ಟ್ಯಾನಿಸ್ಲಾಸನನ್ನು ಕರೆದು, “ನಿಮಗೆ ಯಾವುದು ಬೇಕೋ ಅದನ್ನೇ ತರಿಸುವ. ಅದರಲ್ಲಿ ನಾನು ತಲೆ ಹಾಕುವುದಿಲ್ಲ,” ಎಂದರು.

ಬೆಂಗಳೂರಿನ ಏಜೆಂಟರ ಕಡೆಯಿಂದ ಕನ್ನಡಕದ ಎಂಜಿನಿಯರೊಬ್ಬ ಬಂದು ಎರಡು ಡಬ್ಬಿ ತೆರೆದಿಟ್ಟ. ಒಂದರಲ್ಲಿ ನಡುಬೆರಳಿನ ಅರ್ಧದಷ್ಟಿದ್ದ ಗಿಡ್ಡ ಕಡ್ಡಿ, ಇನ್ನೊಂದರಲ್ಲಿ ಬೆರಳಿಗಿಂತ ಉದ್ದದ್ದು.

“ಗಿಡ್ಡದ್ದು ತಗೊಳ್ಳಿ ಸಾರ್,” ಎಂದಿದ್ದ ಅವನು. “ಒಳಗೆ ಇದು ಮೂರು ಕಾಲಿನ ಮೇಲೆ ಕೂತಿರುತ್ತೆ. ಎಲ್ಲಾ ದಿಕ್ಕಿನಿಂದ ಮುಟ್ಟಿದಾಗಲೂ ಒಂದೇ ಸಮ ಎದ್ದೇಳಲ್ಲ. ಕಡ್ಡಿ ಉದ್ದ ಆದಷ್ಟು ಬಳುಕುತ್ತೆ.”

“ಗಿಡ್ಡದ್ದಾದರೆ ಸ್ಲೀವನ್ನು ಕವುಚಿ ಹಾಕಿ ಎರಡು ಸಲ ಅಳೆಯಬೇಕು,” ಎಂದ ಸ್ಟ್ಯಾನಿಸ್ಲಾಸ್. “ಕವುಚಿದಾಗ ಎರಡು ತುದಿಯ ಲೆಕ್ಕ ಒಂದಕ್ಕೊಂದು ಕೂಡುವುದಿಲ್ಲ. ಉದ್ದದ್ದು ಕೊಡಿ. ಒಂದೇ ಸಲಕ್ಕೆ ತಳ ಮುಟ್ಟಬೇಕು.”

“ಪುಸ್ತಕದಲ್ಲಿ ಒಂದು ಚಿತ್ರ ಇದೆ, ಒಮ್ಮೆ ನೋಡಿಬಿಡಿ…”

“ಪುಸ್ತಕ ನೋಡಿ ಅಳತೆ ಕಲಿತವನಲ್ಲ ನಾನು,” ಎಂದು ಸ್ಟ್ಯಾನಿಸ್ಲಾಸ್ ನಕ್ಕಿದ್ದ. ಎಂಜಿನಿಯರೂ ನಕ್ಕ. ಮಾಸ್ಟರ್ ರಿಂಗನ್ನು, ಅಂದರೆ ಯಂತ್ರ ಸರಿಯಿದೆಯೇ ಎಂದು ನೋಡಲಿಕ್ಕೆಂದೇ ಇಟ್ಟ ಚೊಕ್ಕ ದುಂಡಿನ ಬಳೆಯನ್ನು, ನಾಲ್ಕು ಕಡೆ ಮುಟ್ಟಿಸಿ ನೋಡಿದರು. ಅಳತೆ ಒಂದು ಮೈಕ್ರಾನೂ ಆಚೀಚೆ ಇರಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಪುಣೆಯವರು ತೂತಿನ ದುಂಡುತನದ ಲೆಕ್ಕವನ್ನೂ ಕಳಿಸಿ ಎಂದು ಕೇಳಿದ ಮೇಲೆಯೇ ಸ್ಟ್ಯಾನಿಸ್ಲಾಸ್ ಸ್ಲೀವುಗಳನ್ನು ಹನ್ನೆರಡು ಕಡೆ ಮುಟ್ಟಿಸತೊಡಗಿದ್ದು. ಆಗಿನಿಂದಲೇ ಮೂರು ಮೂಲೆ ಶುರುವಾದದ್ದು.

ಗ್ರಾಫ್ ಹಾಳೆಯ ಸುದ್ದಿ ಕ್ಯಾಂಟೀನಿಗೆ ಹೋಗಲು ಹೊತ್ತು ಬೇಕಾಗಲಿಲ್ಲ.

“ಎಂತ ಮಾರಾಯ ಮಧ್ವ, ಇವತ್ತು ಎಷ್ಟು ಸಮೋಸ ಕರಿದೆ?” ಎಂದ ಮಿಲ್ಲಿಂಗಿನ ಸಿರಿಲ್.

“ಎರ್ಮಾಳಿನ ಕಡಲಲ್ಲಿ ಬಲೆ ಎಳೆದ ಕೈ ಅಲ್ವಾ, ಬಿಗಿ ಜಾಸ್ತಿ!” ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಮಧ್ವರಾಜನೂ ಮೊದಲ ದಿನ ನಕ್ಕ. ಎರಡನೆಯ ದಿನ ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಮೂರನೆಯ ದಿನ ಕ್ಯಾಂಟೀನಿಗೆ ಬರಲಿಲ್ಲ.

ಅವನು ಸುಮ್ಮನೆ ಕೂತವನಲ್ಲ. ಚಕ್ಕಿನ ಹಲ್ಲುಗಳನ್ನು ತೆಗೆದು ಹೊಸದಾಗಿ ಕೊರೆದ. ಬಿಗಿಯುವ ಕೀಲಿಯ ಹಿಡಿಕೆಯನ್ನು ಅರ್ಧ ಕತ್ತರಿಸಿ ಗಿಡ್ಡ ಮಾಡಿದ, ಬೇಕೆಂದರೂ ಜೋರು ಬೀಳದಿರಲೆಂದು. ಒಂದು ಸ್ಲೀವನ್ನಂತೂ ಎಷ್ಟು ಸಡಿಲ ಹಿಡಿದನೆಂದರೆ ಅದು ತಿರುಗುವಾಗ ಚಿಮ್ಮಿ ಗೋಡೆಗೆ ಬಡಿಯಿತು. ಸಡಿಲ ಹಿಡಿದರೂ ಬಿಗಿ ಹಿಡಿದರೂ ಸ್ಟ್ಯಾನಿಸ್ಲಾಸನ ಹಾಳೆಯ ಮೇಲೆ ಅದೇ ಹದಿನಾಲ್ಕು ಮೈಕ್ರಾನ್, ನಂಬರಿನ ಕೆಳಗೆ ಅದೇ ಉಬ್ಬು. ಆಗಲಾದರೂ ಒಬ್ಬರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಯಂತ್ರ ಹೊಸತು, ಸ್ಟ್ಯಾನಿಸ್ಲಾಸನ ಸಹಿ ಹಳೆಯದು. ನಡುವೆ ಉಳಿದದ್ದು ಮಧ್ವರಾಜನ ಕೈ ಮಾತ್ರ.

ರಾಯರು ಸಿಟ್ಟಿನವರಲ್ಲ. ಕೂಗಾಡಲಿಲ್ಲ. “ಸ್ವಲ್ಪ ದಿನ ಅರ ಹಿಡಿದು ಅಂಚು ತೀಡುವ ಬೆಂಚಿನಲ್ಲಿ ಕೂತುಕೋ ಮಧ್ವ. ಕೈಗೆ ವಿಶ್ರಾಂತಿ ಆಗ್ಲಿ,” ಎಂದರಷ್ಟೆ. ಆ ಬೆಂಚಿನಲ್ಲಿ ಕೂರುವವರು ಕೆಲಸಕ್ಕೆ ಹೊಸದಾಗಿ ಸೇರಿದವರು. ಮಧ್ವರಾಜ ಎರಡು ದಿನ ಅಲ್ಲಿ ಕೂತ. ಮೂರನೆಯ ದಿನ ತನ್ನ ಉಪಕರಣದ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಅಳತೆಯ ಕೋಣೆಯ ಬಾಗಿಲಿಗೆ ಬಂದ. ಒಳಗೆ ಬರಬೇಕಾದರೆ ಚಪ್ಪಲಿ ಬಿಡಬೇಕು. ಅವನು ಬಿಡಲಿಲ್ಲ, ಹೊರಗೇ ನಿಂತ.

“ಹೋಗ್ತೇನೆ ಪೊರ್ಬುಗಳೇ.”

“ದುಡುಕಬೇಡ ಮಾರಾಯ. ನಾನು ರಾಯರ ಹತ್ತಿರ ಮಾತಾಡ್ತೇನೆ.”

“ಎಂತ ಅಂತ ಮಾತಾಡುವುದು? ನಿಮ್ಮ ಹಾಳೆಯೇ ಮಾತಾಡಿ ಆಯ್ತಲ್ಲ.”

ಆ ವಾರವೇ ರಾಯರು ಪುಣೆಗೆ ಬರೆದರು: ದೋಷದ ಕಾರಣ ಸಿಕ್ಕಿದೆ, ಕೆಲಸಗಾರನು ಅತಿಯಾಗಿ ಬಿಗಿಯುತ್ತಿದ್ದನು, ಅವನನ್ನು ಬದಲಾಯಿಸಲಾಗಿದೆ. ಕೆಳಗೆ ಸ್ಟ್ಯಾನಿಸ್ಲಾಸನ ಸಹಿ. ಇನ್ನೂರಕ್ಕಿಂತ ಹೆಚ್ಚು ಸ್ಲೀವುಗಳನ್ನು ಕತ್ತರಿಸಿ ಗುಜರಿಗೆ ಹಾಕಿದರು.

ಲೇತು ಒಂದು ತಿಂಗಳಿಗಿಂತ ಹೆಚ್ಚು ಕಾಲ ಖಾಲಿ ನಿಂತಿತು. ಆಮೇಲೆ ಕಾರ್ಕಳದ ಕಡೆಯಿಂದ ಪ್ಯಾಟ್ರಿಕ್ ಎಂಬವನು ಬಂದ. ಮುಂಬಯಿಯಲ್ಲಿ ಕೆಲಸ ಕಲಿತವನು, ಬಾಯಿ ತುಸು ಜೋರು. ಅವನು ಚಕ್ಕನ್ನೇ ಒಲ್ಲೆ ಎಂದ. ಸ್ಲೀವಿನ ಸುತ್ತ ಒಂದೇ ಸಮ ಅಪ್ಪಿ ಹಿಡಿಯುವ, ಹಲ್ಲೇ ಇಲ್ಲದ ಹಿಡಿಕೆಯೊಂದನ್ನು ತಾನೇ ಮಾಡಿಕೊಂಡ. ಮೊದಲನೆಯ ಸ್ಲೀವನ್ನು ತಂದು ಮೇಜಿನ ಮೇಲಿಟ್ಟು, ಕೈಕಟ್ಟಿ ನಿಂತ.

ಹನ್ನೆರಡು ಸಲ ಕೀ ಎಂದಾಯಿತು. ಸ್ಟ್ಯಾನಿಸ್ಲಾಸ್ ಚುಕ್ಕಿ ಕೂಡಿಸಿದ. ಮೂರು ಮೂಲೆ. ಹದಿನಾಲ್ಕು ಮೈಕ್ರಾನ್.

“ಹೋಗಿ ಮಾರಾಯ್ರೆ!” ಎಂದು ಪ್ಯಾಟ್ರಿಕ್ ನಕ್ಕ. “ಹಲ್ಲೇ ಇಲ್ಲದವನು ಕಚ್ಚುವುದು ಹೇಗೆ?”

ಸ್ಟ್ಯಾನಿಸ್ಲಾಸನಿಗೆ ನಗು ಬರಲಿಲ್ಲ. ಪ್ಯಾಟ್ರಿಕ್‌ನನ್ನು ಚಹಾ ಕುಡಿಯಲು ಕಳಿಸಿ ಬಾಗಿಲು ಹಾಕಿಕೊಂಡ. ಸ್ಲೀವನ್ನು ಎತ್ತಿ, ತನ್ನ ಜೀವಮಾನದಲ್ಲಿ ಮೊದಲ ಸಲ, ನಂಬರನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟ. ಮತ್ತೆ ಹನ್ನೆರಡು ಸಲ ಮುಟ್ಟಿಸಿದ. ನಂಬರು ಆಚೆ ಹೋಗಿತ್ತು. ಉಬ್ಬು ಮಾತ್ರ ಅವನ ಕಡೆಗೇ ಇತ್ತು.

ಅವನು ಮಾಸ್ಟರ್ ರಿಂಗನ್ನು ಹೊರತೆಗೆದ. ಅದನ್ನು ಯಾವಾಗಲೂ ಅಳೆಯುವುದು ನಾಲ್ಕು ಕಡೆ, ಅದು ವಾಡಿಕೆ. ನಾಲ್ಕೇ ಕಡೆ ಮುಟ್ಟಿಸಿದರೆ ಒಂದು ಕಡೆಯ ಉಬ್ಬನ್ನು ಎದುರು ಕಡೆಯ ಕುಗ್ಗು ಸರಿದೂಗಿಸಿ ಮುಚ್ಚಿಬಿಡುತ್ತದೆ. ಈಗ ಹನ್ನೆರಡು ಕಡೆ ಮುಟ್ಟಿಸಿದ. ಚುಕ್ಕಿಗಳನ್ನು ಕೂಡಿಸಬೇಕಾಗಿಯೇ ಇರಲಿಲ್ಲ; ಅಂಕಿ ನೋಡಿದಾಗಲೇ ಗೊತ್ತಾಯಿತು. ಯಾವ ಚಕ್ಕಿನ ಹಲ್ಲೂ ಮುಟ್ಟದ, ಕನ್ನಡಿಯಂಥ ಆ ಬಳೆಗೂ ಮೂರು ಮೂಲೆ.

ಕಪಾಟಿನ ಕೆಳಗಿನ ಅರೆಯಿಂದ ಏಜೆಂಟರ ಪುಸ್ತಕ ತೆಗೆದ. ಇಂಗ್ಲಿಷು ಅವನಿಗೆ ಅಷ್ಟಕ್ಕಷ್ಟೆ, ಆದರೆ ಚಿತ್ರಕ್ಕೆ ಯಾವ ಭಾಷೆ? ಒಂದು ಪುಟದಲ್ಲಿ ಉದ್ದ ಕಡ್ಡಿ, ಪಕ್ಕದಲ್ಲಿ ಮೂರು ಎಸಳಿನ ಒಂದು ಆಕಾರ. ಅವನು ಒಂದು ತಿಂಗಳು ಪೆನ್ಸಿಲಿನಿಂದ ಬರೆದದ್ದು ಅದನ್ನೇ.

ರಾಯರು ಪೂರ್ತಿ ಕೇಳಿಸಿಕೊಂಡರು. ಬುದ್ಧಿವಂತರು, ಎರಡನೆಯ ಸಲ ಹೇಳಬೇಕಾಗಲಿಲ್ಲ. ಕಿಟಕಿಯ ಕಡೆ ನೋಡುತ್ತ, “ಗಿಡ್ಡ ಕಡ್ಡಿ ಎಷ್ಟು ದಿನದಲ್ಲಿ ಬರ್ತದೆ?” ಎಂದು ಕೇಳಿದರು.

“ಹತ್ತು ದಿನ ಸಾರ್. ಆದರೆ ಮಧ್ವನ ವಿಷಯ…”

“ಪ್ಯಾಟ್ರಿಕ್‌ನ ಆ ಪೀಸು ಯಾರಿಗೂ ತೋರಿಸಬೇಡಿ. ಕಡ್ಡಿ ಬರುವವರೆಗೆ ಅವನಿಗೆ ಬೇರೆ ಕೆಲಸ ಕೊಡುವ.”

“ಮಧ್ವನನ್ನು ಕರೆಸಬೇಕು ಸಾರ್. ಪುಣೆಗೆ ಬರೆಯಬೇಕು.”

“ಎಂತ ಅಂತ ಬರೆಯುವುದು ಸ್ಟ್ಯಾನಿ? ನಮ್ಮ ಅಳತೆಯೇ ತಪ್ಪು ಅಂತ? ಹಾಗಾದರೆ ಮೊದಲು ಕಳಿಸಿದ ಬೇರೆ ಮಾಲಿನ ಲೆಕ್ಕ ಯಾವುದು ಸರಿ ಅಂತ ಕೇಳುವುದಿಲ್ವಾ ಅವರು? ಕೆಲಸ ಹೋಯ್ತು ಅಂದರೆ ಅರುವತ್ತು ಜನರದ್ದು ಹೋಯ್ತು.” ರಾಯರು ದನಿ ತಗ್ಗಿಸಿದರು. ಆ ಮೆಲುದನಿಯೇ ಸ್ಟ್ಯಾನಿಸ್ಲಾಸನಿಗೆ ಹೆಚ್ಚು ತಾಗಿತು. “ಮತ್ತೆ, ಉದ್ದದ್ದು ಬೇಕು ಅಂತ ಆರಿಸಿದ್ದು ಯಾರು? ನಾನು ಅದರ ಬಗ್ಗೆ ಒಂದು ಮಾತು ಹೇಳಿದೆನಾ ಈಗ? ಮುಂದೆಯೂ ಹೇಳುವುದಿಲ್ಲ.”

ಗಿಡ್ಡ ಕಡ್ಡಿ ಬಂತು. ಸ್ಟ್ಯಾನಿಸ್ಲಾಸ್ ಸ್ಲೀವುಗಳನ್ನು ಕವುಚಿ ಹಾಕಿ ಎರಡೆರಡು ಸಲ ಅಳೆಯತೊಡಗಿದ. ಎಲ್ಲವೂ ದುಂಡು. ಮೂರು ಮೈಕ್ರಾನ್, ನಾಲ್ಕು ಮೈಕ್ರಾನ್. ರಾಯರು ಒಂದು ಗ್ರಾಫ್ ಹಾಳೆಯನ್ನು ನೋಟೀಸು ಬೋರ್ಡಿಗೆ ಅಂಟಿಸಿ, ಕಾರ್ಖಾನೆಗೆಲ್ಲ ಲಾಡು ಹಂಚಿಸಿದರು.

“ಕೈ ಬದಲಾಯ್ತು, ಸಮೋಸ ಹೋಗಿ ಲಾಡು ಬಂತು,” ಎಂದ ಸಿರಿಲ್. ಕ್ಯಾಂಟೀನೆಲ್ಲ ನಕ್ಕಿತು. ಮೂಲೆಯ ಮೇಜಿನಲ್ಲಿ ಯಾರೋ, “ಅಲ್ಲ, ಹೊಸಬನೂ ಪೊರ್ಬುಗಳ ಜಾತಿಯವನೇ ಅಲ್ವಾ,” ಎಂದದ್ದು ಸ್ಟ್ಯಾನಿಸ್ಲಾಸನ ಕಿವಿಗೆ ಬಿತ್ತು. ಪ್ಯಾಟ್ರಿಕ್ ಸ್ಟ್ಯಾನಿಸ್ಲಾಸನ ಕಡೆ ಒಮ್ಮೆ ನೋಡಿ, ಲಾಡು ಬಾಯಿಗೆ ಹಾಕಿಕೊಂಡ. ಎದ್ದು ನಿಂತು ನಾಲ್ಕು ಮಾತು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಸ್ಟ್ಯಾನಿಸ್ಲಾಸ್ ಲೋಟ ತೊಳೆದಿಟ್ಟು ಕೋಣೆಗೆ ಹೋದ.

ಆ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವನು ಅಂಗಿ ಬಿಚ್ಚದೆ ಸಂತೆಕಟ್ಟೆಯ ಬಸ್ ನಿಲ್ದಾಣಕ್ಕೆ ಹೊರಟ. ವಿಷಯ ಗೊತ್ತಿದ್ದ ಹೆಂಡತಿ ತಡೆಯಲಿಲ್ಲ. “ಹೇಳುವುದಾದರೆ ಪೂರ್ತಿ ಹೇಳಿ ಬನ್ನಿ. ಅರ್ಧ ಹೇಳುವುದಾದರೆ ಹೋಗಬೇಡಿ,” ಎಂದಳು. ಉಡುಪಿಯಲ್ಲಿ ಬಸ್ಸು ಬದಲಿಸಿದ. ಕಾಪುವಿನಲ್ಲಿ ಬಸ್ಸು ಜನ ತುಂಬಿಸಿಕೊಳ್ಳಲು ಹತ್ತು ನಿಮಿಷ ನಿಂತಾಗ, ಇಳಿದು ಹಿಂದಕ್ಕೆ ಹೋಗುವ ಬಸ್ಸು ಹಿಡಿಯಬಹುದಲ್ಲ ಎಂದು ಒಮ್ಮೆ ಅನ್ನಿಸಿತು. ಇಳಿಯಲಿಲ್ಲ.

ಎರ್ಮಾಳಿನ ಕಡಲ ದಡದಲ್ಲಿ, ತೆಂಗಿನ ಮಡಲು ಹೊದಿಸಿದ ಒಂದು ಚಪ್ಪರದ ಕೆಳಗೆ ಮಧ್ವರಾಜ ಇದ್ದ. ದೋಣಿಯ ಎಂಜಿನ್ನೊಂದನ್ನು ಮರದ ಚೌಕಟ್ಟಿಗೆ ತೂಗುಹಾಕಲಾಗಿತ್ತು. ಈಗ ಅದೇ ಕೆಲಸ, ಎಂಜಿನ್ ರಿಪೇರಿ.

“ಓ, ಪೊರ್ಬುಗಳು! ಕುಶಲಾ, ಚಹಾ ಇಡು. ಯಾರು ಬಂದದ್ದು ನೋಡು.”

ಹೆಂಡತಿ ಕುಶಲಾ ಚಹಾ ತಂದಿಟ್ಟು ಅಲ್ಲೇ ಕಂಬಕ್ಕೆ ಒರಗಿ ನಿಂತಳು. ಸ್ಟ್ಯಾನಿಸ್ಲಾಸ್ ಪೂರ್ತಿ ಹೇಳಿದ. ಎರಡು ಡಬ್ಬಿ, ತಾನು ಆರಿಸಿದ ಉದ್ದ ಕಡ್ಡಿ, ಗೋಡೆಗೆ ತಿರುಗಿಸಿದ ನಂಬರು, ಮಾಸ್ಟರ್ ರಿಂಗು. ಮಧ್ವರಾಜ ತಲೆ ತಗ್ಗಿಸಿ, ಎಣ್ಣೆಯ ಬೆರಳುಗಳನ್ನು ಬಟ್ಟೆಯಲ್ಲಿ ಒಂದೊಂದಾಗಿ ಒರೆಸುತ್ತ ಕೇಳಿದ.

“ಈಗ ಸ್ಲೀವು ಹೇಗೆ ಬರ್ತದೆ?” ಎಂದು ಕೇಳಿದ ಕೊನೆಗೆ.

“ದುಂಡು ಬರ್ತದೆ.”

“ಅದೇ ಲೇತು?”

“ಅದೇ. ಕಡ್ಡಿ ಬದಲಾಯ್ತು ಮಾರಾಯ, ಅಷ್ಟೇ. ನಿನ್ನ ಕೈಯಲ್ಲಿ ಏನೂ ತಪ್ಪಿರಲಿಲ್ಲ.”

ಮಧ್ವರಾಜ ನಕ್ಕ. ಕೆಟ್ಟ ನಗುವಲ್ಲ, ಕಾಯಿಲೆಯವನು ನೋಡಲು ಬಂದವರನ್ನು ನೋಡಿ ನಗುವ ಹಾಗೆ. “ನೀವು ದೊಡ್ಡ ಮನಸ್ಸಿನವರು. ನನ್ನ ಸಮಾಧಾನಕ್ಕೆ ಅಂತ ಇಷ್ಟು ದೂರ ಬಂದಿರಿ.”

“ಸಮಾಧಾನಕ್ಕಲ್ಲ ಮಧ್ವ! ಸತ್ಯ ಹೇಳ್ತಿದ್ದೇನೆ.”

“ನಿಮ್ಮ ಅಳತೆ ತಪ್ಪಿದ್ದು ಹದಿನೇಳು ವರ್ಷದಲ್ಲಿ ನಾನು ಕಂಡಿಲ್ಲ. ನಾನೂ ಯೋಚನೆ ಮಾಡಿದೆ ಪೊರ್ಬುಗಳೇ, ಇಲ್ಲಿ ಕೂತು. ಕೈ ಭಾರ ಆದದ್ದು ನಮಗೇ ಗೊತ್ತಾಗುವುದಿಲ್ಲ. ಬೇರೆಯವರಿಗೆ ಗೊತ್ತಾಗ್ತದೆ.”

“ನನಗೆ ನಂಬಿಕೆ ಉಂಟು,” ಎಂದಳು ಕುಶಲಾ ಕಂಬದ ಬಳಿಯಿಂದ. “ಸುಳ್ಳು ಹೇಳ್ಲಿಕ್ಕೆ ಯಾರೂ ಎರಡು ಬಸ್ಸು ಹತ್ತಿ ಬರುವುದಿಲ್ಲ. ಒಂದು ಕೇಳ್ತೇನೆ ಪೊರ್ಬುಗಳೇ, ಇದನ್ನು ನೀವು ಅಲ್ಲಿ ಹೇಳಿದಿರಾ? ಆ ಕ್ಯಾಂಟೀನಿನಲ್ಲಿ?”

ಸ್ಟ್ಯಾನಿಸ್ಲಾಸ್ ಚಹಾದ ಲೋಟವನ್ನು ಕೆಳಗಿಟ್ಟ.

“ಕಾಗದದಲ್ಲಿ ಬರೆದು ತಂದಿದ್ದೀರಾ? ಮಂಗಳೂರಿನ ವರ್ಕ್‌ಶಾಪಿನವರು ಇವರನ್ನು ಕೆಲಸಕ್ಕೆ ಕರೆದಿದ್ದರು. ನಿಮ್ಮ ರಾಯರಿಗೆ ಫೋನು ಮಾಡಿ ಕೇಳಿದರಂತೆ, ಆಮೇಲೆ ಬೇಡ ಅಂದರು. ನಿಮ್ಮ ಸಹಿ ಇರುವ ಒಂದು ಚೀಟಿ ಇದ್ದರೆ ಸಾಕಿತ್ತು.”

“ಕುಶಲಾ, ಸುಮ್ಮನಿರು,” ಎಂದ ಮಧ್ವರಾಜ.

“ಬರೆದು ಕೊಡ್ತೇನೆ,” ಎಂದ ಸ್ಟ್ಯಾನಿಸ್ಲಾಸ್. ಅವನ ಅಂಗಿಯ ಜೇಬಿನಲ್ಲಿ ಪೆನ್ನು ಇತ್ತು. “ರಾಯರ ಹತ್ತಿರ ಒಂದು ಮಾತು ಕೇಳಿ…”

ಕುಶಲಾ ಬಂದು ಅವನ ಮುಂದಿದ್ದ ಲೋಟವನ್ನು ಎತ್ತಿಕೊಂಡಳು. ಅದರಲ್ಲಿ ಇನ್ನೂ ಅರ್ಧ ಚಹಾ ಇತ್ತು. ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಮಧ್ವರಾಜ ಎಂಜಿನ್ನಿನ ಕಡೆ ತಿರುಗಿದ. ಸಂಜೆಯೊಳಗೆ ಕೊಡಬೇಕಾದದ್ದು, ಎಣ್ಣೆ ಸೋರುತ್ತದೆ ಎಂದು ಎರಡನೆಯ ಸಲ ವಾಪಸು ತಂದಿದ್ದಾರೆ ಎಂದು, ಹೊತ್ತು ಕಳೆಯುವವನ ಹಾಗೆ ಹೇಳಿದ. ಸ್ಪ್ಯಾನರು ಹಾಕಿ ಮುಚ್ಚಳದ ನಟ್ಟನ್ನು ತಿರುಗಿಸಿದ. ಅದು ಬಂದು ಕೂತಿತು. ಇನ್ನು ಒಂದು ಎಳೆತ ಬೇಕು. ಲೋಹ ಬಲ್ಲ ಯಾರಿಗಾದರೂ ಅದು ಕಾಣುತ್ತಿತ್ತು. ಅವನ ಕೈ ಅಲ್ಲೇ ನಿಂತಿತು. ಹಿಂದಕ್ಕೆ ಕಾಲು ಸುತ್ತು ಸಡಿಲ ಮಾಡಿದ. ಮತ್ತೆ ಸ್ವಲ್ಪ ಬಿಗಿದ. ಮತ್ತೆ ಸಡಿಲ ಮಾಡಿದ.

“ಇಷ್ಟು ಸಾಕಲ್ವಾ ಪೊರ್ಬುಗಳೇ?” ಎಂದು ತಲೆಯೆತ್ತಿ ಕೇಳಿದ.

ಮುಚ್ಚಳದ ಅಂಚಿನಲ್ಲಿ ಎಣ್ಣೆಯ ಒಂದು ಹನಿ ನಿಧಾನವಾಗಿ ದಪ್ಪವಾಗುತ್ತಿತ್ತು.